ನಿವೃತ್ತ ಕಾರ್ಮಿಕರ ಮೊರೆ: ಭಿಕ್ಷೆಯೋ, ಬಾಕಿಯೋ?

ಪ್ರತಿವರ್ಷವೂ ಡಿಸೆಂಬರ್ 17ನೆಯ ತಾರೀಖಿನಂದು ನಮ್ಮ ಊರೂರುಗಳಲ್ಲಿ ನಿವೃತ್ತ ಸರಕಾರಿ ನೌಕರರು ಒಂದೆಡೆ ನೆರೆದು, ತಮ್ಮೊಳಗೆ ಎಂಬತ್ತು ತುಂಬಿದವರಿಗೆ ಶಾಲು ಹೊದಿಸಿ, ಒಂದೆರಡು ಭಾಷಣಗಳನ್ನು ಕೇಳಿ, ಉಪ್ಪಿಟ್ಟು ಕಾಫಿಗಳನ್ನು ಸೇವಿಸಿ ಮನೆಗೆ ಮರಳುವರು. ನೋಡುವವರಿಗೆ ಇದು ನಿರುಪದ್ರವಿಯಾದ ಸಂತೋಷಕೂಟವಾಗಿ ಕಾಣುವುದು. ಅಲ್ಲಿ ನೆರೆದವರಲ್ಲಿಯೇ ಅನೇಕರಿಗೆ, ವರ್ಷದ ಬೇರೆಲ್ಲ ದಿನಗಳನ್ನು ಬಿಟ್ಟು ಈ ದಿನವನ್ನೇ ಏಕೆ ಆರಿಸಿಕೊಂಡರೆಂಬುದು ಮರೆತುಹೋಗಿರಬಹುದು. ಆ ಕಥೆಯನ್ನು ಮೊದಲು ಹೇಳಿ, ತರುವಾಯ ಆ ಕೂಟದ ಹೊರಗೆ ನಿಂತಿರುವ ಬೇರೊಂದು ದೊಡ್ಡ ಸಮುದಾಯದ ವಿಚಾರಕ್ಕೆ ಬರಬೇಕೆಂದಿದ್ದೇವೆ.

ಡಿ. ಎಸ್. ನಕಾರಾ ಎಂಬ ಮಹನೀಯರು ರಕ್ಷಣಾ ಸಚಿವಾಲಯದಲ್ಲಿ ಹಣಕಾಸಿನ ಸಲಹೆಗಾರರಾಗಿದ್ದು 1972ರಲ್ಲಿ ನಿವೃತ್ತರಾದರು. ಏಳು ವರ್ಷಗಳ ತರುವಾಯ, 1979ರ ಮೇ 25ರಂದು, ಕೇಂದ್ರ ಸರಕಾರವು ವಿಶ್ರಾಂತಿ ವೇತನದ ಲೆಕ್ಕಾಚಾರವನ್ನು ಉದಾರಗೊಳಿಸಿ ಆಜ್ಞೆಯನ್ನು ಹೊರಡಿಸಿತು. ಆದರೆ ಅದರ ಫಲವು 1979ರ ಮಾರ್ಚ್ 31ರಂದು ಸೇವೆಯಲ್ಲಿದ್ದು ಆಮೇಲೆ ನಿವೃತ್ತರಾಗುವವರಿಗೆ ಮಾತ್ರವೆಂದು ಗೆರೆಯೆಳೆಯಿತು. ಆ ಗೆರೆಗೆ ಒಂದು ದಿನ ಮುಂಚೆ ಮನೆಗೆ ಹೋದವನಿಗೆ ಹಳೆಯ ಲೆಕ್ಕ. ಒಂದು ದಿನ ತಡೆದು ಹೋದವನಿಗೆ ಹೊಸ ಲೆಕ್ಕ. ಅದೇ ಕಚೇರಿ, ಅದೇ ಹುದ್ದೆ, ಅಷ್ಟೇ ವರ್ಷದ ದುಡಿಮೆ. ಪಂಚಾಂಗದಲ್ಲಿಯ ಒಂದು ತಿಥಿಯಿಂದ ಮನುಷ್ಯನ ಮುಪ್ಪಿನ ಅನ್ನವು ಹೆಚ್ಚುಕಡಿಮೆಯಾಗಬಹುದೇ ಎಂಬ ಪ್ರಶ್ನೆಯನ್ನು ನಕಾರಾ ಅವರೂ, ಸೇನೆಯಿಂದ ನಿವೃತ್ತರಾದ ಇನ್ನೊಬ್ಬರೂ, ಎಚ್. ಡಿ. ಶೌರಿಯವರು ಸ್ಥಾಪಿಸಿದ್ದ ‘ಕಾಮನ್ ಕಾಸ್’ ಎಂಬ ಸಂಸ್ಥೆಯೂ ಕೂಡಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಟ್ಟರು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 1982ರ ಡಿಸೆಂಬರ್ 17ರಂದು ತೀರ್ಪಿತ್ತಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಡಿ. ಎ. ದೇಸಾಯಿಯವರು. ವಿಶ್ರಾಂತಿ ವೇತನವು ಧಣಿಯ ಕೃಪೆಯಲ್ಲ, ಮನಬಂದಾಗ ಕೊಟ್ಟು ಮನಬಂದಾಗ ಹಿಡಿಯುವ ಇನಾಮಲ್ಲ. ಮೈಯಲ್ಲಿ ಕಸುವಿದ್ದಾಗ ಸಲ್ಲಿಸಿದ ಸೇವೆಗೆ ಮುಪ್ಪಿನಲ್ಲಿ ಸಲ್ಲತಕ್ಕ ಪ್ರತಿಫಲವದು, ಅದು ಹಕ್ಕು ಎಂಬುದು ಅದರ ಸಾರ.

ಈ ಮಾತಿನ ಬೆಲೆಯನ್ನು ಅರಿಯಬೇಕಾದರೆ ಅದಕ್ಕೂ ನೂರು ವರ್ಷ ಹಿಂದಕ್ಕೆ ಹೋಗಬೇಕು. ಪರಕೀಯ ಸರಕಾರವು 1871ರಲ್ಲಿ ಮಾಡಿದ ಪಿಂಚಣಿ ಕಾಯಿದೆಯಲ್ಲಿ, ಪಿಂಚಣಿಯ ವಿಷಯವಾಗಿ ಯಾವನೂ ಕಲೆಕ್ಟರರ ಪತ್ರವಿಲ್ಲದೆ ದಿವಾಣಿ ನ್ಯಾಯಾಲಯದ ಮೆಟ್ಟಿಲನ್ನೇರಕೂಡದೆಂದು ಬರೆದಿತ್ತು. ಕೊಟ್ಟವನು ದೊರೆ, ಪಡೆದವನು ಆಶ್ರಿತ. ಆಶ್ರಿತನು ದೊರೆಯನ್ನು ಕಟಕಟೆಗೆ ಎಳೆಯಬಹುದೇ ಎಂಬುದು ಅಂದಿನ ನೀತಿ. ಆ ನೀತಿಯ ಬೇರು 1971ರ ದೇವಕೀನಂದನ ಪ್ರಸಾದರ ಮೊಕದ್ದಮೆಯಲ್ಲಿ ಒಮ್ಮೆ ಅಲುಗಾಡಿ, 1982ರಲ್ಲಿ ಕಿತ್ತುಬಂದಿತು. ಇದನ್ನು ಸಾಧಿಸಿದವರು ಅರುವತ್ತು ದಾಟಿದ ಮುದುಕರು, ಕೈಯಲ್ಲಿ ಅಧಿಕಾರವಿಲ್ಲದವರು, ಮುಷ್ಕರ ಹೂಡುವೆವೆಂದು ಹೆದರಿಸುವುದಕ್ಕೆ ಕೂಡ ಅನುಕೂಲವಿಲ್ಲದವರು. ಕೆಲಸದಲ್ಲಿಲ್ಲದವನು ಯಾವ ಕೆಲಸವನ್ನು ನಿಲ್ಲಿಸಿಯಾನು? ಸರಕಾರಿ ನೌಕರರಲ್ಲಿ ನಿವೃತ್ತರ ಸಂಘಗಳು ಬಲಗೊಂಡುದೂ, ತುಟ್ಟಿಭತ್ಯೆಯು ಆರು ತಿಂಗಳಿಗೊಮ್ಮೆ ಏರಿದಾಗ ನಿವೃತ್ತರಿಗೂ ಅದರ ಪಾಲು ತಪ್ಪದೆ ಸಲ್ಲುತ್ತ ಬಂದುದೂ ಈ ಹಕ್ಕಿನ ಭಾವನೆಯು ಬೇರೂರಿದುದರಿಂದಲೇ.

ಇನ್ನು ಆ ಕೂಟದ ಹೊರಗೆ ನಿಂತವರ ವಿಚಾರ.

ನಮ್ಮ ದೇಶದಲ್ಲಿ ಕಾರ್ಖಾನೆ, ಗಿರಣಿ, ಸಾರಿಗೆ ನಿಗಮ, ಸಹಕಾರಿ ಸಂಸ್ಥೆ, ಖಾಸಗಿ ಕಂಪನಿಗಳಲ್ಲಿ ದುಡಿದವರಿಗೆ 1952ರ ಭವಿಷ್ಯನಿಧಿ ಕಾಯಿದೆಯ ಆಶ್ರಯವುಂಟು. ಅದರ ಅಡಿಯಲ್ಲಿ 1995ರ ನವೆಂಬರ್ 16ರಿಂದ ಜಾರಿಗೆ ಬಂದುದೇ ನೌಕರರ ಪಿಂಚಣಿ ಯೋಜನೆ; ಜನರ ಬಾಯಲ್ಲಿ ಇ.ಪಿ.ಎಸ್. 95. ಈ ಯೋಜನೆಯಿಂದ 2024ರಲ್ಲಿ ಸುಮಾರು 78 ಲಕ್ಷ ಜನರು ಪಿಂಚಣಿ ಪಡೆಯುತ್ತಿದ್ದರು. ನಮ್ಮ ರಸ್ತೆ ಸಾರಿಗೆ ನಿಗಮಗಳ ಚಾಲಕರು, ನಿರ್ವಾಹಕರು, ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ ಯಂತ್ರದ ಮುಂದೆ ನಿಂತು ಕಣ್ಣು ಮಂಜಾದವರು, ಮಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಬೀಡಿ ಕಟ್ಟಿ ಬೆನ್ನು ಬಗ್ಗಿದ ಹೆಂಗಸರು, ಇವರೆಲ್ಲರೂ ಈ ಲೆಕ್ಕದವರೇ. ರಾತ್ರಿಯ ಬಸ್ಸಿನಲ್ಲಿ ನಮ್ಮನ್ನು ಕುಳ್ಳಿರಿಸಿಕೊಂಡು ಘಟ್ಟವನ್ನಿಳಿಸಿದ ಚಾಲಕನು ಸರಕಾರಿ ನೌಕರನೆಂದೇ ಅನೇಕ ಓದುಗರು ತಿಳಿದಿರಬಹುದು. ಪಿಂಚಣಿಯ ಮಟ್ಟಿಗೆ ಅವನು ಹಾಗಲ್ಲ.

ಯೋಜನೆಯ ಯಂತ್ರವು ನಡೆಯುವ ಬಗೆ ಹೀಗಿದೆ. ಮಾಲೀಕನು ಭವಿಷ್ಯನಿಧಿಗೆ ಸಲ್ಲಿಸುವ ವಂತಿಗೆಯಲ್ಲಿ ಸಂಬಳದ ನೂರಕ್ಕೆ 8.33ರಷ್ಟು ಪಿಂಚಣಿಯ ನಿಧಿಗೆ ಹೋಗುವುದು. ಕೇಂದ್ರ ಸರಕಾರವು ನೂರಕ್ಕೆ 1.16ರಷ್ಟನ್ನು ಕೂಡಿಸುವುದು. ಆದರೆ ಸಂಬಳಕ್ಕೆ ಒಂದು ಮೇಲ್ಮಿತಿಯುಂಟು. ಅದು 2001ರಿಂದ 6500 ರೂಪಾಯಿ ಇದ್ದು, 2014ರ ಸೆಪ್ಟೆಂಬರ್ 1ರಿಂದ 15000 ರೂಪಾಯಿಗೆ ಏರಿತು. ಈ ಮಿತಿಯಲ್ಲಿ ಸರಕಾರದ ಪಾಲು ತಲೆಯೊಂದಕ್ಕೆ ತಿಂಗಳಿಗೆ 174 ರೂಪಾಯಿಗೆ ಮುಗಿಯುವುದು. ಮುಂದೆ 58ನೆಯ ವಯಸ್ಸಿನಲ್ಲಿ, ಪಿಂಚಣಿಗೆ ಲೆಕ್ಕ ಹಿಡಿದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ತಿಂಗಳ ಪಿಂಚಣಿ. 15000 ರೂಪಾಯಿಯ ಮೇಲೆ 35 ವರ್ಷ ದುಡಿದವನಿಗೆ 7500. ಹಳೆಯ ಮಿತಿಯಾದ 6500ರ ಮೇಲೆ 15 ವರ್ಷ ದುಡಿದವನಿಗೆ 1393 ರೂಪಾಯಿ.

ಒಮ್ಮೆ ಹೀಗೆ ಗೊತ್ತಾದ ಮೊತ್ತವು ಮತ್ತೆ ಅಲುಗುವುದಿಲ್ಲ. ಇಲ್ಲಿಯೇ ಎಲ್ಲ ಅನ್ಯಾಯದ ಮೂಲವಿರುವುದೆಂದು ನಮ್ಮ ಅಭಿಪ್ರಾಯ. ಮೊದಲ ಕೆಲವು ವರ್ಷಗಳಲ್ಲಿ ನಿಧಿಯ ಮೌಲ್ಯಮಾಪನವಾದಾಗ ಅಲ್ಪಸ್ವಲ್ಪ ಹೆಚ್ಚಳವನ್ನು ಕೊಟ್ಟುದುಂಟು. ಆಮೇಲೆ ಆ ಕೈ ಮುಚ್ಚಿತು. ಕನಿಷ್ಠ ಪಿಂಚಣಿಯು 1000 ರೂಪಾಯಿಗಿಂತ ಕಡಿಮೆಯಾಗಕೂಡದೆಂದು 2014ರ ಸೆಪ್ಟೆಂಬರಿನಲ್ಲಿ ವಿಧಿಸಿದರು. 2025ರಲ್ಲಿಯೂ ಅದು 1000 ರೂಪಾಯಿಯೇ. ಹೋಲಿಕೆಗಾಗಿ ನೋಡಿರಿ: ಕೇಂದ್ರ ಸರಕಾರದ ನಿವೃತ್ತರಿಗೆ 2016ರ ಜನವರಿಯಲ್ಲಿ ಹೊಸ ವೇತನ ಶ್ರೇಣಿಯೊಡನೆ ತುಟ್ಟಿಭತ್ಯೆಯ ಲೆಕ್ಕವು ಶೂನ್ಯದಿಂದ ಮತ್ತೆ ಆರಂಭವಾಗಿ, 2025ರ ಜನವರಿಗೆ ನೂರಕ್ಕೆ 55ರಷ್ಟಾಯಿತು. ಬೆಲೆಗಳು ಅಷ್ಟು ಏರಿರುವುವೆಂದು ಸರಕಾರವು ತಾನೇ ಅಳೆದು, ತಾನೇ ಒಪ್ಪಿ, ತನ್ನವರಿಗೆ ತುಂಬಿಕೊಟ್ಟಿತು. ಅಕ್ಕಿಯ ಅಂಗಡಿಯವನು ಸಾರಿಗೆ ನಿಗಮದ ಮುದುಕನಿಗೆ ಬೇರೆ ದರವನ್ನು ಹೇಳುವನೇ? ಅದೇ 2025ರ ಏಪ್ರಿಲ್ 1ರಿಂದ ಕೇಂದ್ರ ನೌಕರರಿಗಾಗಿ ಏಕೀಕೃತ ಪಿಂಚಣಿ ಯೋಜನೆಯು ಬಂದಿರುವುದು. ಅದರಲ್ಲಿ ಹತ್ತು ವರ್ಷ ಸೇವೆ ಮಾಡಿದವನಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ, ಮೇಲೆ ತುಟ್ಟಿ ಪರಿಹಾರ. ಇ.ಪಿ.ಎಸ್.ನಲ್ಲಿಯೂ ಹತ್ತು ವರ್ಷ ಸೇವೆ ಮಾಡಿದವನು ಪಿಂಚಣಿಗೆ ಅರ್ಹನೇ. ಅವನ ಕನಿಷ್ಠ ಮೊತ್ತವು ಅದರ ಹತ್ತರಲ್ಲೊಂದು, ಮೇಲೆ ಏನೂ ಇಲ್ಲ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯೆಂಬ ಗಾದೆಯಲ್ಲಿ ಅರೆಕಾಸಾದರೂ ಅರೆಕಾಸಾಗಿಯೇ ಇರುವುದು. ಇಲ್ಲಿ ಅದೂ ವರ್ಷವರ್ಷಕ್ಕೆ ಸವೆಯುತ್ತಿರುವುದು.

ಪರರ ತಪ್ಪನ್ನೇ ಎಣಿಸುತ್ತ ಕುಳಿತರೆ ಪತ್ರಿಕಾಕರ್ತನ ಧರ್ಮಕ್ಕೆ ಚ್ಯುತಿ ಬರುವುದಾದುದರಿಂದ ನಮ್ಮ ಮನೆಯ ಲೆಕ್ಕವನ್ನೂ ಓದುಗರ ಮುಂದಿಡುವೆವು. ನಮ್ಮ ತಂದೆಯವರ ಕಾಲದಲ್ಲಿ, 1967ರಲ್ಲಿ, ಹದಿನಾರರ ಹುಡುಗನೊಬ್ಬನು ನಮ್ಮ ಮುದ್ರಣಾಲಯಕ್ಕೆ ಸೇರಿ ಅಚ್ಚುಮೊಳೆಗಳನ್ನು ಜೋಡಿಸುವ ಕೆಲಸವನ್ನು ಕಲಿತನು. ನಮಗೆ ಅಕ್ಷರಗಳನ್ನು ತಿರುಗಾಮುರುಗಾ ಓದಲು ಕಲಿಸಿದವರು ಅವರೇ. ಕಂಪ್ಯೂಟರು ಬಂದು ಮೊಳೆಗಳು ಮೂಲೆ ಸೇರಿದ ಮೇಲೆ ಕಟ್ಟುವ ವಿಭಾಗದಲ್ಲಿ ದುಡಿದು 2009ರಲ್ಲಿ ನಿವೃತ್ತರಾದರು. ನಲವತ್ತೆರಡು ವರ್ಷಗಳ ಸೇವೆ. ನಮ್ಮಲ್ಲಿಯ ಆಳುಗಳ ಸಂಖ್ಯೆಯು ಇಪ್ಪತ್ತನ್ನು ಮುಟ್ಟಿ ಕಾಯಿದೆಗೆ ನಾವು ಒಳಗಾದುದು 1995ರಲ್ಲಾದುದರಿಂದ ಲೆಕ್ಕಕ್ಕೆ ಸಿಕ್ಕವು ಹದಿನಾಲ್ಕು ಮಾತ್ರ. ಸಂಬಳವೋ, ಕೈಗೆ ಬರುತ್ತಿದ್ದುದು ಏಳು ಸಾವಿರದ ಹತ್ತಿರ. ಆದರೆ ಮೂಲವೇತನವೆಂದು 3500 ರೂಪಾಯಿಯನ್ನು ಮಾತ್ರ ಬರೆದು, ಉಳಿದುದಕ್ಕೆ ಮನೆಯ ಭತ್ಯೆ, ಪ್ರಯಾಣದ ಭತ್ಯೆ, ವಿಶೇಷ ಭತ್ಯೆ ಎಂದು ಮೂರು ಹೆಸರುಗಳನ್ನಿಟ್ಟು ವಂತಿಗೆಯ ಭಾರವನ್ನು ನಾವು ಇಳಿಸಿಕೊಂಡೆವು. ಎಲ್ಲರೂ ಮಾಡುವಂತೆ ಮಾಡಿದೆವು. ಫಲವಾಗಿ ಅವರಿಗೆ ತಿಂಗಳಿಗೆ ಗೊತ್ತಾದುದು 700 ರೂಪಾಯಿ. ಮಿತಿಯವರೆಗಿನ ಪೂರ್ಣ ಸಂಬಳವನ್ನು ತೋರಿಸಿದ್ದರೆ ಅದು 1300 ಆಗುತ್ತಿತ್ತು. ಎಲ್ಲರಿಗೂ ಸಮನಾಗಿ ಕೊಡುವ ಭತ್ಯೆಗಳನ್ನು ವೇತನದಿಂದ ಬೇರ್ಪಡಿಸಿ ವಂತಿಗೆಯನ್ನು ತಪ್ಪಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಫೆಬ್ರುವರಿಯಲ್ಲಿ ಹೇಳಿತು. ಅಷ್ಟರಲ್ಲಿ ಅವರು ನಿವೃತ್ತರಾಗಿ ಹತ್ತು ವರ್ಷಗಳಾಗಿದ್ದುವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೆಂದು ಸರಕಾರವನ್ನು ಆಡಿಕೊಳ್ಳುವಾಗ ನಮ್ಮಂಥ ಧಣಿಗಳೂ ಅದೇ ದೋಣಿಯಲ್ಲಿ ಕುಳಿತು ದಾಟಿದವರೆಂಬುದನ್ನು ಮರೆಯಕೂಡದು.

ಇಂಥವರು ಒಂದುಗೂಡುವುದು ಸುಲಭವಲ್ಲ. ಸರಕಾರಿ ನೌಕರನು ನಿವೃತ್ತನಾದ ಮೇಲೆಯೂ ಖಜಾನೆ, ಇಲಾಖೆ, ಕ್ಲಬ್ಬುಗಳ ಸಂಬಂಧವನ್ನು ಉಳಿಸಿಕೊಂಡಿರುವನು. ಮನವಿಯನ್ನು ಯಾರಿಗೆ, ಯಾವ ಭಾಷೆಯಲ್ಲಿ ಬರೆಯಬೇಕೆಂಬುದು ಅವನಿಗೆ ಗೊತ್ತು. ಗಿರಣಿಯ ಕಾರ್ಮಿಕನಾದರೋ ಗಿರಣಿಯು ಮುಚ್ಚಿದೊಡನೆ ಚದರಿಹೋಗುವನು. ಒಬ್ಬನು ಹಳ್ಳಿಗೆ, ಒಬ್ಬನು ಮಗನ ಮನೆಗೆ, ಒಬ್ಬನು ಯಾವುದೋ ಮಹಡಿಮನೆಯ ಕಾವಲಿಗೆ. ಕೆಲಸದಲ್ಲಿದ್ದಾಗ ಅವನ ಪರವಾಗಿ ವಾದಿಸುತ್ತಿದ್ದ ಕಾರ್ಮಿಕ ಸಂಘಕ್ಕೆ, ವಂತಿಗೆ ಕೊಡುವ ಹೊಸ ಸದಸ್ಯರ ಚಿಂತೆಯೇ ಹೆಚ್ಚಾಗಿರುವುದು. ಹಾಗಿದ್ದರೂ ಕೂಡಿದರು. ಮಹಾರಾಷ್ಟ್ರದ ಬುಲಢಾಣಾ ಎಂಬ ಜಿಲ್ಲಾ ಕೇಂದ್ರದಲ್ಲಿ 2018ರ ಡಿಸೆಂಬರ್ 24ರಂದು ಕಮಾಂಡರ್ ಅಶೋಕ ರಾವುತ್ ಅವರ ನೇತೃತ್ವದ ರಾಷ್ಟ್ರೀಯ ಸಂಘರ್ಷ ಸಮಿತಿಯವರು ಸರದಿ ಉಪವಾಸವನ್ನು ಆರಂಭಿಸಿ ವರ್ಷಗಟ್ಟಲೆ ನಡೆಸಿದರು. ಅವರ ಮುಖ್ಯ ಬೇಡಿಕೆಗಳು: ಕನಿಷ್ಠ ಪಿಂಚಣಿ 7500 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಗಂಡಹೆಂಡಿರಿಬ್ಬರಿಗೂ ಉಚಿತ ವೈದ್ಯೋಪಚಾರ. 2020ರ ಮಾರ್ಚ್ ತಿಂಗಳಲ್ಲಿ ಸಂಸತ್ಸದಸ್ಯೆ ಹೇಮಾಮಾಲಿನಿಯವರು ಇವರ ಮುಖಂಡರನ್ನು ಪ್ರಧಾನಮಂತ್ರಿಗಳ ಬಳಿಗೆ ಕರೆದೊಯ್ದರು. ಭೇಟಿಯಾಯಿತು, ಚಿತ್ರಗಳು ಪ್ರಕಟವಾದುವು, ಮೊತ್ತವು ಅಲ್ಲಿಯೇ ನಿಂತಿತು.

ಸರಕಾರಕ್ಕೆ ಈ ವಿಷಯವು ತಿಳಿಯದೆಂದು ಹೇಳುವಂತಿಲ್ಲ. ಭಗತ್ ಸಿಂಗ್ ಕೋಶಿಯಾರಿಯವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯು 2013ರಲ್ಲಿಯೇ ಕನಿಷ್ಠ ಪಿಂಚಣಿಯನ್ನು 3000 ರೂಪಾಯಿಗೆ ಏರಿಸಬೇಕೆಂದು ಶಿಫಾರಸು ಮಾಡಿತ್ತು. ತರುವಾಯ ಕಾರ್ಮಿಕ ಸಚಿವಾಲಯವು 2000 ರೂಪಾಯಿಯನ್ನಾದರೂ ಮಾಡೋಣವೆಂದು ಹಣಕಾಸಿನ ಸಚಿವಾಲಯಕ್ಕೆ ಬರೆದರೆ ಅಲ್ಲಿ ಒಪ್ಪಿಗೆ ಸಿಕ್ಕಲಿಲ್ಲ. ಪಕ್ಷವೊಂದು ಅಧಿಕಾರದಲ್ಲಿದ್ದಾಗ ಬರೆದ ಶಿಫಾರಸನ್ನು ಇನ್ನೊಂದು ಪಕ್ಷವು ಬಂದು ಕಡತದಲ್ಲಿಟ್ಟಿತು. ಆದುದರಿಂದ ಈ ಪಾಪದಲ್ಲಿ ಪಕ್ಷಭೇದವನ್ನು ಹುಡುಕುವುದು ವ್ಯರ್ಥ.

ಸರಕಾರದ ಉತ್ತರವನ್ನೂ ನ್ಯಾಯವಾಗಿ ಹೇಳಬೇಕು. ಇದು ವಂತಿಗೆಯಿಂದ ನಡೆಯುವ ಸಾಮುದಾಯಿಕ ನಿಧಿ. ಮೌಲ್ಯಮಾಪನದಲ್ಲಿ ಕೊರತೆಯು ಕಂಡುಬಂದಿದೆ. ಇಷ್ಟಕ್ಕೂ 1000 ರೂಪಾಯಿಯ ಕನಿಷ್ಠವನ್ನು ಉಳಿಸಿಕೊಳ್ಳುವುದಕ್ಕೆ ಸರಕಾರವು ಬೊಕ್ಕಸದಿಂದ ಪ್ರತ್ಯೇಕ ನೆರವನ್ನು ಕೊಡುತ್ತಿದೆ. ಹೆಚ್ಚು ಕೊಟ್ಟರೆ ನಾಳೆ ನಿವೃತ್ತರಾಗುವವರ ಪಾಲಿಗೆ ಬರಿದಾದ ಮಡಕೆಯು ಉಳಿಯುವುದು ಎಂಬುದು ಅದರ ವಾದ. ಈ ವಾದವು ಪೊಳ್ಳಲ್ಲ. ಆದರೆ ಕೊರತೆಯು ಆಕಾಶದಿಂದ ಇಳಿದುದೂ ಅಲ್ಲ. ಸಂಬಳದ ಮಿತಿಯನ್ನು ಹದಿಮೂರು ವರ್ಷ 6500ರಲ್ಲಿ ಕಟ್ಟಿಹಾಕಿದವರು ಯಾರು? ತಿಂಗಳಿಗೆ 174 ರೂಪಾಯಿಯನ್ನು ತನ್ನ ಗರಿಷ್ಠ ಪಾಲೆಂದು ಗೊತ್ತುಮಾಡಿದವರು ಯಾರು? ಮಡಕೆಗೆ ಚಮಚದಿಂದ ಸುರಿದವರು ಮಡಕೆ ತುಂಬಿಲ್ಲವೆಂದು ದೂರಬಾರದು.

ಕೂಡಿದವರು ಕೂಡಿಯೇ ಉಳಿದಿದ್ದರೆ ಈ ಮಾತುಗಳಿಗೆ ಇನ್ನಷ್ಟು ತೂಕ ಬರುತ್ತಿತ್ತು. ನಡುವೆ ಒಂದು ಕವಲೊಡೆಯಿತು. ಸಂಬಳವು ಮಿತಿಯನ್ನು ಮೀರಿದ್ದವರು, ತಮ್ಮ ಪೂರ್ಣ ಸಂಬಳದ ಮೇಲೆ ವಂತಿಗೆ ಕಟ್ಟಿ ಪೂರ್ಣ ಪಿಂಚಣಿ ಪಡೆಯುವ ಹಕ್ಕಿಗಾಗಿ ಬಹುಕಾಲ ನ್ಯಾಯಾಲಯಗಳಲ್ಲಿ ಹೋರಾಡಿದರು. 2016ರಲ್ಲಿ ಆರ್. ಸಿ. ಗುಪ್ತಾ ಅವರ ಮೊಕದ್ದಮೆಯಲ್ಲಿ ಅವರಿಗೆ ಜಯವಾಯಿತು. 2022ರ ನವೆಂಬರ್ 4ರ ತೀರ್ಪು 2014ರ ತಿದ್ದುಪಡಿಯನ್ನು ಬಹುಮಟ್ಟಿಗೆ ಎತ್ತಿಹಿಡಿದರೂ, ಅರ್ಹರಿಗೆ ಜಂಟಿ ಆಯ್ಕೆಯನ್ನು ಸಲ್ಲಿಸಲು ನಾಲ್ಕು ತಿಂಗಳ ಅವಕಾಶವನ್ನು ಕೊಟ್ಟಿತು. ಲಕ್ಷಗಟ್ಟಲೆ ಅರ್ಜಿಗಳು ಬಂದುವು. ಭವಿಷ್ಯನಿಧಿಯಿಂದ ಹಿಂದೆ ಪಡೆದ ಹಣವನ್ನು ಮರಳಿ ಕಟ್ಟಲು ಶಕ್ತಿಯುಳ್ಳವರು ಮುಂದೆ ಬಂದರು. ಅವರ ಬೇಡಿಕೆಯು ಅನ್ಯಾಯದ್ದೆಂದು ನಾವು ಹೇಳುವುದಿಲ್ಲ. ಆದರೆ ಆ ವರ್ಷಗಳಲ್ಲಿ ಸಂಘಗಳ ಬುದ್ಧಿವಂತರು, ಇಂಗ್ಲಿಷ್ ಬಲ್ಲವರು, ವಕೀಲರ ಪರಿಚಯವಿದ್ದವರು ಬಹುಮಟ್ಟಿಗೆ ಆ ಕಡೆಗೆ ಸರಿದರು. ಸಾವಿರ ರೂಪಾಯಿಯವರ ಜೊತೆಯಲ್ಲಿ ಉಳಿದವರು ಸಾವಿರ ರೂಪಾಯಿಯವರೇ. ನಕಾರಾ ಅವರಂಥ ಹಿರಿಯ ಅಧಿಕಾರಿಯು ನಿಂತು ಗೆದ್ದ ತೀರ್ಪಿನ ಫಲವು ಜವಾನನ ಮನೆಗೂ ತಲಪಿತೆಂಬುದನ್ನು ಉನ್ನತ ವೇತನದ ನಿವೃತ್ತರು ನೆನೆಯಬೇಕು.

ಬೇಡಿಕೆಯ ಸ್ವರೂಪದ ವಿಷಯವಾಗಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಸಂಘದ ಮಿತ್ರರು ಮುನಿದರೂ ಚಿಂತೆಯಿಲ್ಲ. ಎಲ್ಲರಿಗೂ ಕನಿಷ್ಠ 7500 ಎಂದರೆ, ಮಿತಿಯ ಸಂಬಳದ ಮೇಲೆ ಮೂವತ್ತೈದು ವರ್ಷ ದುಡಿದವನೂ ಹತ್ತು ವರ್ಷ ದುಡಿದವನೂ ಒಂದೇ ಮೆಟ್ಟಿಲಲ್ಲಿ ನಿಲ್ಲುವರು. ಅಧಿಕಾರಿಗಳಿಗೆ ಇದೊಂದು ನೆಪವಾಗುವುದು, ಆಗಿಯೂ ಇದೆ. ನಮ್ಮ ದೃಷ್ಟಿಯಲ್ಲಿ ತುಟ್ಟಿಭತ್ಯೆಯೇ ಮೊದಲ ಬೇಡಿಕೆಯಾಗಬೇಕು. ಏಕೆಂದರೆ 7500ನ್ನೇ ಕೊಟ್ಟು ಬೆಲೆಗಳೊಡನೆ ಅದನ್ನು ಕಟ್ಟದಿದ್ದರೆ, ಹತ್ತು ವರ್ಷಗಳ ತರುವಾಯ ಇದೇ ಮುದುಕರು, ಇಲ್ಲವೆ ಇವರ ಮಕ್ಕಳು, ಅದೇ ಚಾಪೆಯ ಮೇಲೆ ಅದೇ ಉಪವಾಸಕ್ಕೆ ಕೂಡಬೇಕಾದೀತು. 2014ರಿಂದ ಇಂದಿನವರೆಗಿನ ಬೆಲೆಯೇರಿಕೆಯನ್ನು ಪ್ರತಿಯೊಬ್ಬನ ಪಿಂಚಣಿಗೂ ಕೂಡಿಸಿ, ಮುಂದೆ ಆರು ತಿಂಗಳಿಗೊಮ್ಮೆ ಏರುವಂತೆ ಕಟ್ಟಿ, ಕನಿಷ್ಠವನ್ನು ಕೋಶಿಯಾರಿ ಸಮಿತಿಯು ಹೇಳಿದ 3000ಕ್ಕೆ ಕೂಡಲೆ ಏರಿಸಿ, ಅಲ್ಲಿಂದ ಸೇವೆಯ ವರ್ಷಗಳಿಗನುಗುಣವಾಗಿ ಮೇಲಕ್ಕೆ ಹೋಗುವ ಕ್ರಮವನ್ನು ಗೊತ್ತುಮಾಡಬಹುದು. ಇದಕ್ಕೆ ಬೇಕಾದ ಹಣದ ಬಹುಪಾಲು ಬೊಕ್ಕಸದಿಂದಲೇ ಬರಬೇಕು. ಒಂದು ಪಾಲು ನಮ್ಮಂಥ ಮಾಲೀಕರಿಂದ ಬರಲಿ; ಮಿತಿಯನ್ನು ಏರಿಸಿದರೆ ನಮ್ಮ ವಂತಿಗೆಯೂ ಏರುವುದು, ಅದನ್ನು ಕೊಡಲು ನಾವು ಸಿದ್ಧರಿರಬೇಕು.

ಈ ಲೇಖನವನ್ನು ಓದುವ ಅಧಿಕಾರಿವರ್ಗದ ಮಹಾಶಯರು ಇದು ತಮಗೆ ಸಂಬಂಧಿಸಿದುದಲ್ಲವೆಂದು ಪುಟವನ್ನು ತಿರುವದಿರಲಿ. 2006ರ ಏಪ್ರಿಲ್ 1ರ ತರುವಾಯ ನಮ್ಮ ರಾಜ್ಯದ ಸೇವೆಗೆ ಸೇರಿದವರು ಹಳೆಯ ವಿಶ್ರಾಂತಿ ವೇತನದ ಹೊರಗಿನವರು. ತಮ್ಮ ಮೇಜಿನ ಮುಂದೆ ಕಡತವನ್ನು ತಂದಿಡುವ ಕಿರಿಯ ಗುಮಾಸ್ತನ ಮುಪ್ಪು ಕೂಡ ಪೇಟೆಯ ಏರಿಳಿತಗಳಿಗೆ ಕಟ್ಟುಬಿದ್ದಿರುವುದು. ನಾಳೆ ಅವನು ಸಂಘ ಕಟ್ಟಬೇಕಾದಾಗ, ಇಂದು ಸಾರಿಗೆಯ ಚಾಲಕನೂ ಬೀಡಿ ಕಟ್ಟುವ ಹೆಂಗಸೂ ಏನನ್ನು ಗೆದ್ದರೆಂಬುದೇ ಅವನಿಗೆ ಆಧಾರವಾದೀತು.

ಕಳೆದ ನವೆಂಬರಿನಲ್ಲಿ ನಮ್ಮ ಹಳೆಯ ಮೊಳೆಜೋಡಕರು ಕಚೇರಿಗೆ ಬಂದಿದ್ದರು. ತಾವು ಬದುಕಿರುವೆವೆಂದು ವರ್ಷಕ್ಕೊಮ್ಮೆ ಪ್ರಮಾಣ ಕೊಡಬೇಕಷ್ಟೆ. ಅದಕ್ಕಾಗಿ ಯಂತ್ರದ ಮೇಲೆ ಬೆರಳನ್ನೊತ್ತಿದರೆ ಗುರುತು ಮೂಡಲಿಲ್ಲವಂತೆ. ಸೀಸದ ಮೊಳೆಗಳು ರೇಖೆಗಳನ್ನು ತಿಂದುಹಾಕಿದ್ದುವು. ಕೊನೆಗೆ ಮುಖವನ್ನು ತೋರಿಸಿ ಪ್ರಮಾಣ ಮಾಡಿಸಿಕೊಂಡು ಬಂದೆನೆಂದರು. ಅವರು ಬಂದುದು ದೂರಲಿಕ್ಕಲ್ಲ. ತಮ್ಮ ಸಂಘದ ಸಭೆಗಾಗಿ ಕರಪತ್ರ ಅಚ್ಚುಹಾಕಿಸಲು. ಸಾವಿರ ಪ್ರತಿಗಳಿಗೆ ಎಷ್ಟಾಗುವುದೆಂದು ಕೇಳಿದರು. ಹಣದ ಮಾತು ಬೇಡವೆಂದೆವು. “ಬೇಡ ರಾಯರೆ, ಸಂಘದ ಲೆಕ್ಕ, ರಸೀತಿ ಬೇಕು” ಎಂದರು. ದರವನ್ನು ಹೇಳಿದಾಗ ಒಂದು ಗಳಿಗೆ ಯೋಚಿಸಿ ಐನೂರೇ ಸಾಕೆಂದರು. ಆಮೇಲೆ ಕರಡನ್ನು ತರಿಸಿಕೊಂಡು, ಕನ್ನಡಕವನ್ನು ಒರಸಿ, ಹಿಂದೆ ಮಾಡುತ್ತಿದ್ದಂತೆಯೇ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ, ಎರಡು ಕಡೆ ಬಿಟ್ಟುಹೋಗಿದ್ದ ಒತ್ತಕ್ಷರಗಳನ್ನು ತಿದ್ದಿ ಕೊಟ್ಟರು.